ಮೈಲುತುತ್ತು ಹಾಕದ ಅಂಟು

ಅದು 1981ನೇ ಇಸವಿ, ದಸರಾ ರಜೆಗೆ ಮೊದಲಿನ ಶುಕ್ರವಾರ. ನಾವು ಆಗ ಪುತ್ತೂರಿನ ದರ್ಬೆಯಲ್ಲಿ ಒಂದು ಹೊಲಿಗೆ ಅಂಗಡಿಯ ಹಿಂದಿದ್ದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಪುತ್ತೂರಿನದೇ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಆ ಸಂಜೆ ಬಂದವರು ಕೈಕಾಲು ತೊಳೆದು, ಚಾ ಕುಡಿದು, ಚಾಪೆ ಹಾಸಿ ಲೇಬಲ್ ಬರೆಯಲು ಕುಳಿತರು.

ಮಳೆಗಾಲ ಮುಗಿಯುವಾಗ ಪ್ರತಿವರ್ಷವೂ ಅವರಿಗೆ ಈ ಕೆಲಸ ಇರುತ್ತಿತ್ತು. ನಮ್ಮ ಕಡೆಯ ಥಂಡಿಗೆ ಕಪಾಟಿನ ಒಳಗಿದ್ದರೂ ಬಾಟಲಿಗಳ ಲೇಬಲ್ ಬೂಸ್ಟು ಹಿಡಿದು ಕಳಚಿ ಬೀಳುತ್ತಿತ್ತು. ಬಿಳಿ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿ, ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದರು. ಇಂಗ್ಲಿಷ್ ಇದ್ದದ್ದು ಮೇಷ್ಟ್ರುಗಳಿಗಾಗಿ, ಕನ್ನಡ ಇದ್ದದ್ದು ಜೊತೆಯ ಅಟೆಂಡರ್ ಮೋನಪ್ಪಣ್ಣನಿಗಾಗಿ. ನಾಲ್ಕು ವರ್ಷದ ನಮ್ಮ ಮಗಳು ಪುಷ್ಪ ಪಕ್ಕದಲ್ಲೇ ಕುಳಿತು ಶಾಯಿ ಒಣಗಲೆಂದು ಊದುತ್ತಿದ್ದಳು.

"ಇದು ಎಂತ ಅಪ್ಪ?"

"ಕ್ಲೋರೋಫಾರ್ಮ್. ಇದರ ವಾಸನೆ ತೆಗೊಂಡ್ರೆ ಆನೆಗೂ ನಿದ್ದೆ ಬರ್ತದೆ."

ಪುಷ್ಪ ಆ ಕಾಗದವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಅವರ ತೊಡೆಯ ಮೇಲೆ ಉರುಳಿದಳು. ಇವರು ನಗುತ್ತಾ ಅವಳನ್ನು ಹಾಗೇ ಮಲಗಿಸಿಕೊಂಡು ಮುಂದಿನ ಲೇಬಲ್ ಬರೆದರು.

ಅಂಟು ಕಾಯಿಸುವುದು ನನ್ನ ಕೆಲಸ. ಮೈದಾವನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಅಂಟಾಗುತ್ತದೆ. ಇಳಿಸುವ ಮೊದಲು ಒಂದು ಚಿಟಿಕೆ ಮೈಲುತುತ್ತು ಹಾಕಬೇಕು. ತೋಟಕ್ಕೆ ಹೊಡೆಯುವ ಅದೇ ನೀಲಿ ಮೈಲುತುತ್ತು. ಅದು ಬಿದ್ದರೆ ಜಿರಳೆ ಮುಟ್ಟುವುದಿಲ್ಲ.

"ಪೊಟ್ಟಣ ಅಲ್ಲಿ ಮೇಲೆ ಇಟ್ಟಿದ್ದೇನೆ. ಮರೀಬೇಡ ಮಾರಾಯ್ತಿ. ಇಲ್ಲಾಂದ್ರೆ ಜಿರಳೆಗಳನ್ನು ಊಟಕ್ಕೆ ಕರೆದ ಹಾಗೆ ಆಗ್ತದೆ" ಎಂದರು.

"ಹೂಂ" ಎಂದೆ.

ಪ್ರತಿವರ್ಷ ಅಂಟಿಗೆಂದೇ ಇಟ್ಟಿದ್ದ ಹಳೆಯ ಪಾತ್ರೆ ಆ ಬಾರಿ ತಳ ತೂತಾಗಿತ್ತು. ಹಾಗಾಗಿ ಪುಷ್ಪನ ಹಾಲು ಕಾಯಿಸುವ ಪಾತ್ರೆಯಲ್ಲೇ ಮೈದಾ ಇಟ್ಟಿದ್ದೆ. ಮಗು ಕುಡಿಯುವ ಪಾತ್ರೆಗೆ ವಿಷ ಹಾಕಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಅಂಟನ್ನು ಬಾಟಲಿಗೆ ತುಂಬಿಸಿದ ಮೇಲೆ ಅದಕ್ಕೇ ಹಾಕಿದರಾಯಿತು ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಪುಷ್ಪನ ಮೈ ಬಿಸಿ. ನಾನು ಅವಳಿಗೆ ಕಷಾಯ ಮಾಡುತ್ತಿದ್ದಾಗ ಇವರೇ ಅಂಟನ್ನು ದಪ್ಪ ಬಾಯಿಯ ಬಾಟಲಿಗೆ ಸುರಿದುಕೊಂಡು, ಲೇಬಲ್‌ಗಳನ್ನು ಪುಸ್ತಕದೊಳಗೆ ಇಟ್ಟು, ಹೊರಟರು. ಮೈಲುತುತ್ತಿನ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಹಾಕಿಯಾಗಿದೆ ಎಂದು ಅವರು ತಿಳಿದಿದ್ದರು.

ಶನಿವಾರ ಅವರು ದ್ರಾವಕದ ಹತ್ತು ಬಾಟಲಿಗಳಿಗೂ ಲೇಬಲ್ ಹಚ್ಚಿ, ಕಪಾಟಿಗೆ ಬೀಗ ಹಾಕಿ ಬಂದರು. ಭಾನುವಾರ ಕೋಡಿಂಬಾಳದಲ್ಲಿರುವ ಅವರ ಅಕ್ಕನ ಮನೆಯಲ್ಲಿ ಹೊಸಕ್ಕಿ ಊಟ ಇತ್ತು. ಪುಷ್ಪನ ಜ್ವರ ಬಿಟ್ಟಿರಲಿಲ್ಲವಾದ್ದರಿಂದ ಅವರೊಬ್ಬರೇ ಹೋದರು. ಸಂಜೆ ಬಸ್ಸು ದರ್ಬೆಗೆ ಬಂದು ನಿಂತಾಗ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ನಿದ್ದೆ ಬಂದಿರಬೇಕೆಂದು ಕಂಡಕ್ಟರ್ ಭುಜ ಮುಟ್ಟಿ ನೋಡಿದನಂತೆ. ಅವರಿಗೆ ಮೂವತ್ತಾರು ವರ್ಷ. ಹೃದಯ ನಿಂತಿದೆ ಎಂದರು ಡಾಕ್ಟರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಐವರ್ನಾಡಿನ ತವರುಮನೆಗೆ ಹೋಗಿ ಎರಡು ತಿಂಗಳು ಇದ್ದೆ. ನಾನು ಎಸ್.ಎಸ್.ಎಲ್.ಸಿ. ಪಾಸಾದವಳು. ಕಾಲೇಜಿನವರು ದಯೆಯಿಂದ ಅವರ ಕೆಲಸವನ್ನು ನನಗೇ ಕೊಡುತ್ತೇವೆಂದು ಹೇಳಿ ಕಳಿಸಿದರು. ಮಾರ್ಚ್‌ವರೆಗೆ ತಾತ್ಕಾಲಿಕ, ಆಮೇಲೆ ನೋಡೋಣ ಎಂದು. ಡಿಸೆಂಬರಿನಲ್ಲಿ ಪುಷ್ಪನನ್ನು ಅಮ್ಮನ ಬಳಿ ಬಿಟ್ಟು ಪುತ್ತೂರಿನ ಅದೇ ಬಾಡಿಗೆ ಮನೆಗೆ ಬಂದೆ. ದ್ರಾವಕಗಳ ಕಪಾಟಿನ ಬೀಗದಕೈ ಇವರ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದು ನನ್ನ ಬಳಿಯೇ ಇತ್ತು. ಅವರು ಬೀಗ ಹಾಕಿದ ಮೇಲೆ ಆ ಕಪಾಟನ್ನು ಯಾರೂ ತೆರೆದಿರಲಿಲ್ಲ.

ಮೊದಲ ದಿನ ವಿಭಾಗದ ಮುಖ್ಯಸ್ಥರಾದ ಉಪಾಧ್ಯಾಯ ಸರ್ ಮತ್ತು ಮೋನಪ್ಪಣ್ಣನ ಎದುರಲ್ಲೇ ಬೀಗ ತೆಗೆದೆ. ಕಂದು ಬಣ್ಣದ ಹತ್ತು ಬಾಟಲಿಗಳು ಸಾಲಾಗಿದ್ದವು. ಹತ್ತೂ ಬೋಳಾಗಿದ್ದವು. ಹಲಗೆಯ ಮೇಲೆ ತೌಡು ಚೆಲ್ಲಿದ ಹಾಗೆ ಕಾಗದದ ಪುಡಿ ಬಿದ್ದಿತ್ತು. ಬೆಳಕು ಬಿದ್ದಾಗ ನಾಲ್ಕೈದು ಜಿರಳೆಗಳು ಹಿಂದಕ್ಕೆ ಓಡಿದವು.

ಸರ್ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಒಳಗೆ ನೀರಿನಂಥ ದ್ರವ. ಇನ್ನೊಂದನ್ನು ಎತ್ತಿದರು. ಅದೂ ನೀರಿನಂಥದ್ದೇ.

"ಇದೆಂತ ಮೋನಪ್ಪ? ಶೇಷಪ್ಪ ಲೇಬಲ್ ಹಚ್ಚಿಯೇ ಇಲ್ವಾ?"

"ಹಚ್ಚಿದ್ದ ಸರ್. ನಾನೇ ನೋಡಿದ್ದೇನೆ. ಜಿರಳೆ ತಿಂದದ್ದು."

"ಹತ್ತು ವರ್ಷ ತಿನ್ನದ ಜಿರಳೆ ಈ ವರ್ಷ ತಿಂದದ್ದಾ? ಅಂಟು ಸರಿ ಮಾಡಿರ್ಲಿಕ್ಕಿಲ್ಲ. ರಜೆಯ ಗಡಿಬಿಡಿ." ಸರ್ ಸಿಟ್ಟಾಗಲಿಲ್ಲ. ಬೇಸರದಿಂದ ಹೇಳಿದರು. "ಹೆಸರು ಗೊತ್ತಿಲ್ಲದ ದ್ರಾವಕವನ್ನು ಹುಡುಗರ ಕೈಗೆ ಕೊಡ್ಲಿಕ್ಕೆ ಆಗುದಿಲ್ಲ. ಎಲ್ಲ ಚೆಲ್ಲಬೇಕು."

ಆಮೇಲೆ ಸ್ಟಾಕ್ ಪುಸ್ತಕ ತೆರೆದು ಎರಡು ಸಾಲು ಬರೆದರು. ಅವರು ಕೋಣೆಗೆ ಹೋದ ಮೇಲೆ ನಾನು ಬೆರಳಿಟ್ಟು ಓದಿದೆ. ಲೇಬಲ್ ಇಲ್ಲದ ಹತ್ತು ಬಾಟಲಿ, ಹಿಂದಿನ ಅಟೆಂಡರ್ ಶೇಷಪ್ಪನ ನಿರ್ಲಕ್ಷ್ಯ ಎಂದು ಇಂಗ್ಲಿಷಿನಲ್ಲಿತ್ತು. ಆ ಪುಸ್ತಕದಲ್ಲಿ ಹಿಂದಿನ ಹತ್ತು ವರ್ಷಗಳಲ್ಲಿ ಅವರ ಹೆಸರು ಎಲ್ಲಿಯೂ ಬಂದಿರಲಿಲ್ಲ.

ಮನೆಗೆ ಹೋದವಳೇ ಸ್ಟೂಲು ಹತ್ತಿ ಅಡಿಗೆ ಕೋಣೆಯ ಮೇಲಿನ ಹಲಗೆ ನೋಡಿದೆ. ಮೈಲುತುತ್ತಿನ ಪೊಟ್ಟಣ ನೂಲು ಕಟ್ಟಿದ ಹಾಗೇ ಇತ್ತು.

ಆ ದಿನ ಊಟ ಮಾಡಲಿಲ್ಲ. ಸರ್ ಬಳಿ ಹೋಗಿ ತಪ್ಪು ನನ್ನದು ಎಂದು ಹೇಳಬೇಕೆನಿಸಿತು. ಹೇಳಿದರೆ ಇಂಥವಳು ಪ್ರಯೋಗಾಲಯಕ್ಕೆ ಬೇಡವೆಂದು ಕಳಿಸಿಯಾರು ಎಂಬ ಹೆದರಿಕೆಯೂ ಆಯಿತು. ಪುಷ್ಪನ ಹೊಟ್ಟೆಗೆ ಆ ಕೆಲಸ ಬೇಕಿತ್ತು. ಆದರೆ ಆ ಸಾಲು ಅವರ ಹೆಸರಿನ ಮೇಲೆ ಉಳಿಯಲು ನಾನು ಬಿಡಬಾರದು. ಇಷ್ಟು ಮಾತ್ರ ಸ್ಪಷ್ಟವಾಗಿತ್ತು.

ಮರುದಿನ ಸರ್ ಬಳಿ ಹೋಗಿ, "ಸರ್, ಚೆಲ್ಲುವ ಮೊದಲು ನನಗೆ ಒಂದು ವಾರ ಕೊಡಿ. ಯಾವುದರಲ್ಲಿ ಎಂತ ಉಂಟೆಂದು ಕಂಡುಹಿಡಿದು ಲೇಬಲ್ ಹಚ್ಚುತ್ತೇನೆ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮಗೆ ಬೆಂಜೀನ್ ಅಂದ್ರೆ ಎಂತ ಗೊತ್ತುಂಟಾ?"

"ಗೊತ್ತಿಲ್ಲ ಸರ್. ಪುಸ್ತಕದಲ್ಲಿ ಇರ್ತದಲ್ಲ."

"ಆಮೇಲೆ?"

"ಎಲ್ಲ ಸರಿ ಬಂದ್ರೆ, ನಿನ್ನೆ ಬರೆದದ್ದನ್ನು ಹೊಡೆದು ಹಾಕಬೇಕು."

ಅವರು ಒಂದು ದಪ್ಪ ಪುಸ್ತಕ ತೆಗೆದು ಹಿಂದಿನ ಪುಟದ ಕೋಷ್ಟಕ ತೋರಿಸಿದರು. "ಕುದಿಯುವ ಬಿಂದು, ಸಾಂದ್ರತೆ, ನೀರಿನಲ್ಲಿ ಬೆರೆಯುತ್ತದೋ ಇಲ್ವೋ, ಎಲ್ಲ ಇಲ್ಲಿ ಉಂಟು. ಆದರೆ ಮೂಗಿನ ಸಾಕ್ಷಿ ನನಗೆ ಬೇಡ. ವಾಸನೆ ನೋಡಿ ಹೆಸರು ಹೇಳಿದ್ರೆ ಒಪ್ಪುದಿಲ್ಲ. ಕಣ್ಣಿಗೆ ಕಾಣುವ ಗುರುತು ಬೇಕು, ಅಂಕೆ ಬೇಕು. ಮತ್ತೆ, ಆ ಕೋಣೆಯಲ್ಲಿ ಬೆಂಕಿ ಕಡ್ಡಿ ಗೀರಿದ್ರೆ ನಾನು ಮನುಷ್ಯನಾಗಿರುದಿಲ್ಲ."

ಮೋನಪ್ಪಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಕೈ. ನಾನು ಓದುವುದು, ಅವರು ಮಾಡಿ ತೋರಿಸುವುದು ಎಂದಾಯಿತು. ಬಾಟಲಿಗಳಿಗೆ ಸೀಮೆಸುಣ್ಣದಲ್ಲಿ ಒಂದರಿಂದ ಹತ್ತರವರೆಗೆ ಅಂಕೆ ಹಾಕಿದೆವು.

ನಾನು ಮೊದಲ ಬಾಟಲಿಯ ಬಿರಡೆ ತೆಗೆದು ಬಗ್ಗಿದಾಗಲೇ ಅವರು ಕೈ ಅಡ್ಡ ಹಿಡಿದರು. "ಅಯ್ಯೋ ಅಕ್ಕ, ಅದು ಮಲ್ಲಿಗೆ ಅಲ್ಲ. ಮೂಗು ದೂರ ಇಡಿ. ನೀವೂ ಶೇಷಪ್ಪಣ್ಣನ ಹಿಂದೆ ಹೊರಟ್ರೆ ನನಗೆ ಚಾ ತರುವವರು ಯಾರು?" ಹೇಳಿದ ಮೇಲೆ ಅವರ ಮುಖ ಸಪ್ಪೆಯಾಯಿತು. ಎರಡು ತಿಂಗಳಲ್ಲಿ ನನ್ನೆದುರು ನಮ್ಮವರ ಹೆಸರು ಹಿಡಿದು ತಮಾಷೆ ಮಾಡಿದವರು ಯಾರೂ ಇರಲಿಲ್ಲ. ನನಗೆ ಬೇಸರವಾಗಲಿಲ್ಲ.

ಮೊದಲು ನೀರಿನ ಪರೀಕ್ಷೆ. ಪ್ರನಾಳದಲ್ಲಿ ಎರಡು ಬೆರಳು ನೀರು, ಅದರ ಮೇಲೆ ಒಂದು ಬೆರಳು ದ್ರಾವಕ. ಮೂರು ಬಾಟಲಿಯದ್ದು ನೀರಿನಲ್ಲಿ ಬೆರೆತು ಕಾಣದೇ ಹೋಯಿತು. ಎರಡರದ್ದು ಎಣ್ಣೆಗೆ ವಿರುದ್ಧವಾಗಿ ನೀರಿನ ತಳಕ್ಕೆ ಹೋಗಿ ಕುಳಿತಿತು. ಉಳಿದ ಐದು ತೇಲಿದವು. ಮುಳುಗುವ ಎರಡು ಕ್ಲೋರೋಫಾರ್ಮ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್ ಆಗಿರಲೇಬೇಕು, ಸ್ಟಾಕ್ ಪುಸ್ತಕದಲ್ಲಿದ್ದ ಹತ್ತು ಹೆಸರುಗಳ ಪಟ್ಟಿಯಲ್ಲಿ ನೀರಿಗಿಂತ ಭಾರದವು ಬೇರೆ ಇರಲಿಲ್ಲ. ಒಂದೇ ದಿನದಲ್ಲಿ ಹತ್ತು ಬಾಟಲಿ ಮೂರು ಗುಂಪಾದಾಗ ನನಗೆ ಧೈರ್ಯ ಬಂತು.

ಆಮೇಲೆ ಕುದಿಯುವ ಬಿಂದು. ಹೊರಗಿನ ಜಗಲಿಯಲ್ಲಿ ನೀರು ಕುದಿಸಿ, ಒಲೆಯನ್ನು ಅಲ್ಲೇ ಬಿಟ್ಟು, ನೀರನ್ನು ಮಾತ್ರ ಒಳಗೆ ತರುತ್ತಿದ್ದೆವು. ಸಪೂರ ನಳಿಕೆಯಲ್ಲಿ ಸ್ವಲ್ಪ ದ್ರಾವಕ ಹಾಕಿ, ಅದರೊಳಗೆ ಒಂದು ತುದಿ ಮುಚ್ಚಿದ ಕೂದಲಿನಷ್ಟು ತೆಳ್ಳಗಿನ ಗಾಜಿನ ಕೊಳವೆ ಬಿಟ್ಟು, ಥರ್ಮಾಮೀಟರಿಗೆ ನೂಲಿನಿಂದ ಕಟ್ಟಿ ನೀರಿನಲ್ಲಿ ಇಳಿಸುವುದು. ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗುವುದು. ಒಳಗಿನಿಂದ ಗುಳ್ಳೆಗಳು ಮಣಿ ಪೋಣಿಸಿದ ಹಾಗೆ ಬಿಡದೇ ಏಳುವಾಗ ಪಾದರಸ ಎಲ್ಲಿದೆ ಎಂದು ನೋಡಿ ಬರೆದುಕೊಳ್ಳುವುದು.

ಈಥರ್ ಅನ್ನು ನಾನು ಥರ್ಮಾಮೀಟರ್ ಇಡುವ ಮೊದಲೇ ಗುರುತಿಸಿದೆ. ಒಂದು ಹನಿ ಅಂಗೈ ಹಿಂಬದಿಗೆ ಬಿತ್ತು. ಐಸ್ ಇಟ್ಟ ಹಾಗೆ ತಣ್ಣಗಾಗಿ, ನೋಡುತ್ತಿದ್ದ ಹಾಗೆ ಚರ್ಮ ಒಣಗಿತು. ಮದುವೆಯಾದ ವರ್ಷ ನಮ್ಮವರು ನನ್ನನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋಗಿ ಇದೇ ಕೈಯ ಇದೇ ಜಾಗಕ್ಕೆ ಮೂರು ಹನಿ ಹಾಕಿದ್ದರು. ಈಥರ್, ಸ್ಪಿರಿಟ್, ಕೊನೆಗೆ ನೀರು. "ಬೇಗ ಹಾರುವುದು ಹೆಚ್ಚು ತಣ್ಣಗೆ ಮಾಡ್ತದೆ ನೋಡು. ಹೋಗುವಾಗ ನಿನ್ನ ಕೈಯ ಬಿಸಿಯನ್ನೂ ತೆಗೊಂಡು ಹೋಗ್ತದೆ" ಎಂದಿದ್ದರು. ಆಗ ನಾನು ನಾಚಿಕೆಯಲ್ಲಿ ಕೈ ಎಳೆದುಕೊಂಡಿದ್ದೆ. ಥರ್ಮಾಮೀಟರ್ ಮೂವತ್ತೈದು ತೋರಿಸಿತು. ಪುಸ್ತಕದಲ್ಲಿಯೂ ಅಷ್ಟೇ ಇತ್ತು.

ಅಸಿಟೋನ್ ಐವತ್ತಾರಕ್ಕೆ ಸಿಕ್ಕಿತು. ಮೆಥನಾಲ್, ಸ್ಪಿರಿಟ್ ಬೇರೆ ಬೇರೆಯಾದವು. ಮುಳುಗಿದ ಎರಡರಲ್ಲಿ ಅರವತ್ತೊಂದಕ್ಕೆ ಕುದಿದದ್ದು ಕ್ಲೋರೋಫಾರ್ಮ್. ಪೆಟ್ರೋಲಿಯಂ ಈಥರ್ ಒಂದೇ ಅಂಕೆಯಲ್ಲಿ ನಿಲ್ಲದೆ ನಲವತ್ತರಿಂದಲೇ ಗುಳ್ಳೆ ಬಿಡುತ್ತಾ ಹೋಯಿತು, ಪುಸ್ತಕದಲ್ಲಿಯೂ ಹಾಗೆಯೇ ಬರೆದಿತ್ತು. ಒಂದು ಬಾಟಲಿಯದ್ದು ಕೊತಕೊತ ಕುದಿಯುವ ನೀರು ಸುರಿದರೂ ಕದಲಲಿಲ್ಲ. ಅದು ನೂರ ಹನ್ನೊಂದರ ಟಾಲ್ವೀನ್.

"ಇವ ಭಾರೀ ಗಟ್ಟಿ ಕುಳ. ನಮ್ಮ ಉಪಾಧ್ಯಾಯರ ಜಾತಕದವ" ಎಂದರು ಮೋನಪ್ಪಣ್ಣ.

ಗುರುವಾರ ಸಂಜೆಗೆ ಎಂಟು ಮುಗಿದು ಎರಡು ಉಳಿದವು, ಮೂರನೆಯದು ಮತ್ತು ಒಂಬತ್ತನೆಯದು. ಒಂದು ಬೆಂಜೀನ್, ಇನ್ನೊಂದು ಈಥೈಲ್ ಅಸಿಟೇಟ್. ಎರಡೂ ತೇಲುತ್ತವೆ. ಒಂದು ಎಪ್ಪತ್ತೇಳಕ್ಕೆ ಕುದಿಯಬೇಕು, ಇನ್ನೊಂದು ಎಂಬತ್ತಕ್ಕೆ. ನಮ್ಮ ಹಳೆಯ ಥರ್ಮಾಮೀಟರ್ ಎರಡಕ್ಕೂ ಒಮ್ಮೆ ಎಪ್ಪತ್ತೆಂಟು, ಒಮ್ಮೆ ಎಪ್ಪತ್ತೊಂಬತ್ತು ತೋರಿಸುತ್ತಿತ್ತು. ಆರು ಸಲ ಮಾಡಿದೆವು.

"ಅಕ್ಕ, ಒಂಬತ್ತನೆಯದ್ದು ಹಣ್ಣಿನ ವಾಸನೆ. ಅದೇ ಅಸಿಟೇಟ್. ಬರೆದುಬಿಡಿ."

"ಮೂಗಿನ ಸಾಕ್ಷಿ ಬೇಡ ಹೇಳಿದ್ದಾರಲ್ಲ ಮೋನಪ್ಪಣ್ಣ."

"ಅವರಿಗೆ ಯಾರು ಹೇಳ್ತಾರೆ?"

"ನಾನು ಹೇಳ್ತೇನೆ, ಕೇಳಿದ್ರೆ."

ಅವರು ತಲೆ ಅಲ್ಲಾಡಿಸಿ ಮನೆಗೆ ಹೋದರು. ಅಂದಾಜಿನ ಮೇಲೆ ಹೆಸರು ಬರೆಯಲು ನಾನು ತಯಾರಿರಲಿಲ್ಲ. ಅಂದಾಜಿನ ಕೆಲಸದಿಂದ ಎಂತ ಆಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಲೆ ಬಾಚಲು ತೆಂಗಿನೆಣ್ಣೆ ಬಾಟಲಿ ತೆಗೆದರೆ ಎಣ್ಣೆ ಹೆಪ್ಪುಗಟ್ಟಿತ್ತು. ಡಿಸೆಂಬರಿನಲ್ಲಿ ನಮ್ಮಲ್ಲಿ ಬೆಳಗಿನ ಹೊತ್ತು ಹಾಗಾಗುತ್ತದೆ. ಬಿಸಿಲಿಗೆ ಇಡಬೇಕೆಂದು ಹೊರಗೆ ಬಂದವಳು ಮೆಟ್ಟಿಲಲ್ಲೇ ನಿಂತೆ. ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಹಾಗಾದರೆ ಆ ಎರಡು? ತಲೆ ಹಾಗೇ ಕಟ್ಟಿಕೊಂಡು ಕಾಲೇಜಿಗೆ ಓಡಿ ಪುಸ್ತಕ ತೆರೆದೆ. ನಾನು ನೋಡದೇ ಬಿಟ್ಟಿದ್ದ ಇನ್ನೊಂದು ಸಾಲು ಕೋಷ್ಟಕದಲ್ಲಿತ್ತು. ಬೆಂಜೀನ್ ಐದೂವರೆ ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಈಥೈಲ್ ಅಸಿಟೇಟ್ ನಾವು ಎಷ್ಟು ತಣ್ಣಗೆ ಮಾಡಿದರೂ ಹೆಪ್ಪುಗಟ್ಟದು.

"ಮೋನಪ್ಪಣ್ಣ, ಐಸ್ ಬೇಕು."

"ಈಗ ಐಸ್‌ಕ್ಯಾಂಡಿ ಅಂಗಡಿ ಎಲ್ಲಿ ತೆರೆದಿರ್ತದೆ ಅಕ್ಕ? ಇರಿ, ಒಂದು ಜಾಗ ಉಂಟು."

ಅರ್ಧ ಗಂಟೆಯಲ್ಲಿ ಡಬ್ಬಿ ತುಂಬ ಐಸ್ ಹಿಡಿದುಕೊಂಡು ಬಂದರು. ಮೀನು ಮಾರ್ಕೆಟಿನಲ್ಲಿ ಬಂಗುಡೆ ಪೆಟ್ಟಿಗೆಯಿಂದ ತೆಗೆದದ್ದು. ಎರಡು ಪ್ರನಾಳಗಳನ್ನು ಅದರಲ್ಲಿ ಹೂತು ಕುಳಿತೆವು. ಅಷ್ಟರಲ್ಲಿ ಉಪಾಧ್ಯಾಯ ಸರ್ ಬಂದು ಬಾಗಿಲಲ್ಲೇ ನಿಂತರು.

"ಇದೆಂತ ವಾಸನೆ ಮೋನಪ್ಪ?"

"ಬೆಂಜೀನ್ ಸರ್."

"ಬೆಂಜೀನಿಗೆ ಬಂಗುಡೆಯ ವಾಸನೆ ಯಾವಾಗಿನಿಂದ?"

"ಸರ್, ಮೂಗಿನ ಸಾಕ್ಷಿ ಬೇಡ ಹೇಳಿದವರು ನೀವೇ."

ಸರ್ ನಗು ತಡೆದುಕೊಂಡದ್ದು ನನಗೆ ಕಂಡಿತು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅವರೂ ಪಕ್ಕಕ್ಕೆ ಬಂದು ನಿಂತರು. ಮೂರನೆಯ ಬಾಟಲಿಯ ಪ್ರನಾಳದಲ್ಲಿ ಅಂಚಿನಿಂದ ಬಿಳಿ ಎಳೆಗಳು ಹುಟ್ಟಿ ಒಳಕ್ಕೆ ಹಬ್ಬಿದವು. ಸ್ವಲ್ಪ ಹೊತ್ತಿನಲ್ಲಿ ಅದು ನನ್ನ ಎಣ್ಣೆ ಬಾಟಲಿಯ ಹಾಗೆ ಗಟ್ಟಿಯಾಯಿತು. ತಲೆಕೆಳಗೆ ಮಾಡಿದರೂ ಬೀಳಲಿಲ್ಲ. ಒಂಬತ್ತನೆಯದ್ದು ನೀರಾಗಿಯೇ ಇತ್ತು.

"ಇದನ್ನು ಯಾರು ಹೇಳಿಕೊಟ್ಟದ್ದು?" ಸರ್ ಕೇಳಿದರು.

"ತೆಂಗಿನೆಣ್ಣೆ ಸರ್" ಎಂದೆ.

ಆ ಮಧ್ಯಾಹ್ನ ನಾನು ಹತ್ತು ಲೇಬಲ್ ಬರೆದೆ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಅಂಟನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಆ ಪೊಟ್ಟಣದ ನೂಲು ಬಿಚ್ಚಿ, ಮೈಲುತುತ್ತು ಹಾಕಿದೆ. ಅಂಟು ತಿಳಿನೀಲಿಯಾಯಿತು. ಶನಿವಾರ ಸರ್ ನನ್ನನ್ನು ಹೊರಗೆ ನಿಲ್ಲಿಸಿ, ತಮಗೆ ಬೇಕಾದ ಮೂರು ಬಾಟಲಿ ಆರಿಸಿ ತಾವೇ ಪರೀಕ್ಷೆ ಮಾಡಿದರು. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಮೂರೂ ಸರಿ ಇತ್ತು.

ಅವರು ಸ್ಟಾಕ್ ಪುಸ್ತಕ ತೆರೆದು ಪೆನ್ನು ತೆಗೆದಾಗ, "ಸರ್, ಒಂದು ಮಾತು" ಎಂದೆ. ಹಾಲಿನ ಪಾತ್ರೆಯಿಂದ ಹಿಡಿದು ಹಲಗೆಯ ಮೇಲಿನ ಪೊಟ್ಟಣದವರೆಗೆ ಎಲ್ಲವನ್ನೂ ಹೇಳಿದೆ. "ಅವರು ಮರೀಬೇಡ ಅಂತ ಹೇಳಿದ್ದರು. ತಪ್ಪು ನನ್ನದು. ಹೆಸರು ಬರೆಯುವುದಾದರೆ ನನ್ನದು ಬರೆಯಿರಿ."

ಸರ್ ಆ ಎರಡು ಸಾಲುಗಳ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು, ಪಕ್ಕದಲ್ಲಿ, ಅಂಟಿನ ದೋಷ, ಈಗ ಸರಿಪಡಿಸಲಾಗಿದೆ ಎಂದು ಬರೆದು ಸಹಿ ಹಾಕಿದರು.

"ಅಂಟಿಗೆ ಗಂಡ ಇಲ್ಲ, ಮಗು ಇಲ್ಲ. ಅದು ತಡ್ಕೊಳ್ತದೆ" ಎಂದರು. "ಸೋಮವಾರ ಹೊತ್ತಿಗೆ ಸರಿಯಾಗಿ ಬನ್ನಿ."

ಮಾರ್ಚ್ ಕಳೆದ ಮೇಲೆ ಕೆಲಸ ಕಾಯಂ ಆಯಿತು. ಈಗ ಎಂಟು ವರ್ಷ. ಕಪಾಟಿನ ಬೀಗದಕೈ ನನ್ನ ಬಳಿ ಇದೆ. ಪ್ರತಿವರ್ಷ ಮಳೆಗಾಲ ಮುಗಿದಾಗ ಲೇಬಲ್ ಬರೆಯುತ್ತೇನೆ. ಅಂಟಿಗೆ ಬೇರೆ ಪಾತ್ರೆ ಇದೆ. ಅದರ ಮೇಲೂ ಒಂದು ಲೇಬಲ್ ಇದೆ.

ಈಗ ನನ್ನ ಜೊತೆಗೇ ಇರುವ ಪುಷ್ಪನಿಗೆ ಹನ್ನೆರಡು ವರ್ಷವಾಯಿತು. ಅವಳ ಅಕ್ಷರ ದುಂಡಗೆ, ಚಂದ. ನನ್ನದು ಹಾಗಿಲ್ಲ. ಮೊನ್ನೆ ಶಾಲೆಯ ಟೀಚರ್ ಅವಳ ಕಾಪಿ ಪುಸ್ತಕ ನೋಡಿ, ಇದು ಅಪ್ಪನಿಂದ ಬಂದ ಅಕ್ಷರವಾ ಎಂದು ಕೇಳಿದರಂತೆ. ಮನೆಗೆ ಬಂದು, "ಅಪ್ಪ ಬರೆದದ್ದು ತೋರಿಸಮ್ಮ, ನೋಡುವ" ಎಂದಳು.

ಟ್ರಂಕು ಇಳಿಸಿ ಎಲ್ಲ ಹುಡುಕಿದೆವು. ಏಳು ವರ್ಷದ ಸಂಸಾರದಲ್ಲಿ ನಾವು ಒಬ್ಬರನ್ನೊಬ್ಬರು ಬಿಟ್ಟಿದ್ದದ್ದು ಕಡಿಮೆ. ನಾನು ಐವರ್ನಾಡಿಗೆ ಹೋದರೂ ಅವರು ಕಾಗದ ಬರೆಯದೆ ಬಸ್ಸು ಹತ್ತಿ ತಾವೇ ಬರುತ್ತಿದ್ದರು. ಹಳೆಯ ಹಾಜರಿ ಪುಸ್ತಕದಲ್ಲಿ ಅವರ ಸಹಿ ಇರಬಹುದು, ಆದರೆ ಅವರ ಸಹಿ ಎಂದರೆ ಒಂದು ಗೆರೆ ಮಾತ್ರ. ಅವರು ಕೂತು, ಮನಸ್ಸಿಟ್ಟು, ಒಂದೊಂದೇ ಅಕ್ಷರವಾಗಿ ಬರೆದದ್ದು ಲೇಬಲ್‌ಗಳನ್ನು ಮಾತ್ರ. ಹಿಂದಿನ ವರ್ಷಗಳದ್ದು ಬೂಸ್ಟು ಹಿಡಿದು ಹೋಗಿತ್ತು, ಕೊನೆಯದ್ದು ಆ ಶುಕ್ರವಾರದ ಹತ್ತು.

ಬಾಟಲಿಗಳ ಹೆಸರು ಎಲ್ಲ ಸಿಕ್ಕಿತು. ಅವರ ಕೈಬರಹದ ಒಂದು ಅಕ್ಷರವೂ ನಮ್ಮ ಮನೆಯಲ್ಲಿ ಇಲ್ಲ.